ನೆಲ ಗುಡುಗಿದಾಗ ನಿಲ್ಲುವವರು

ರಾಬರ್ಟ್‌ಸನ್‌ಪೇಟೆಯಲ್ಲಿ ನಾನು ಬಾಡಿಗೆಗಿರುವ ಮನೆ ಬಸ್ಸು ತಿರುಗುವ ಮೂಲೆಯಲ್ಲಿದೆ. ಬಸ್ಸು ತಿರುಗಿದಾಗೆಲ್ಲ ಅಡುಗೆಮನೆಯ ಹಲಗೆಯ ಮೇಲಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತವೆ. ಆಗ ನಾನು ಮಾಡುತ್ತಿದ್ದ ಕೆಲಸವನ್ನು ಬಿಟ್ಟು, ಎಡಗೈಯನ್ನು ಗೋಡೆಗೆ ಊರಿ ಸುಮ್ಮನೆ ನಿಲ್ಲುತ್ತೇನೆ. ಹಾಲು ಉಕ್ಕುತ್ತಿದ್ದರೂ ನಿಲ್ಲುತ್ತೇನೆ. ಹೀಗೆ ಒಲೆಯ ಪಾಲಾದ ಹಾಲಿಗೆ ಲೆಕ್ಕವಿಲ್ಲ. ಕೆಳಗಿನ ಮನೆಯಾಕೆ ಒಮ್ಮೆ ಇದನ್ನು ನೋಡಿ, “ಯಾಕೆ ಮಿಸ್, ತಲೆ ಸುತ್ತುತ್ತಾ?” ಎಂದು ಕೇಳಿದ್ದಳು. “ಇಲ್ಲಮ್ಮ, ಅಭ್ಯಾಸ” ಎಂದಿದ್ದೆ. ಆಕೆ ಚಿಂತಾಮಣಿ ಕಡೆಯವಳು. ಲೋಟ ನಡುಗಿದರೆ ಗೋಡೆ ಮುಟ್ಟುವುದು ಎಂಥ ಅಭ್ಯಾಸ ಎಂದು ಅವಳಿಗೆ ಅನ್ನಿಸಿರಬೇಕು.

ಎರಡು ತಿಂಗಳ ಹಿಂದಿನವರೆಗೂ ಈ ಅಭ್ಯಾಸದ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು. ಈಗ ಆ ಹೆಮ್ಮೆ ಇಲ್ಲ. ಆದರೂ ಕೈ ತಾನಾಗಿಯೇ ಗೋಡೆಗೆ ಹೋಗುತ್ತದೆ. ಅದನ್ನು ತಡೆಯುವುದು ಹೇಗೆಂದು ಇನ್ನೂ ಗೊತ್ತಾಗಿಲ್ಲ.

ನಾವು ಬೆಳೆದದ್ದು ಚಿನ್ನದ ಗಣಿಯ ಪಕ್ಕದ ಚಾಂಪಿಯನ್ ರೀಫ್ಸ್‌ನಲ್ಲಿ, ಗಣಿ ಕೆಲಸಗಾರರ ಲೈನ್ ಮನೆಗಳಲ್ಲಿ. ಸಾಲಾಗಿ ಒಂದಕ್ಕೊಂದು ಅಂಟಿಕೊಂಡ, ಒಂದೂವರೆ ಕೋಣೆಯ ಮನೆಗಳು. ನಮ್ಮ ಮನೆಯ ಒಗ್ಗರಣೆಗೆ ಪಕ್ಕದ ಮನೆಯವರು ಸೀನುತ್ತಿದ್ದರು. ಅಪ್ಪ ಗಣಿಯೊಳಗೆ ಕೆಲಸ ಮಾಡುತ್ತಿದ್ದರು. ಅಷ್ಟು ಆಳದಲ್ಲಿ ಮೇಲಿನ ಭಾರ ತಾಳಲಾರದೆ ಬಂಡೆ ಆಗಾಗ ಸಿಡಿಯುತ್ತಿತ್ತು. ನಾವು ಅದನ್ನು ‘ಬರ್ಸ್ಟು’ ಅನ್ನುತ್ತಿದ್ದೆವು. ಕೆಳಗಿನಿಂದ ಧಡ್ ಎಂದು ಒಂದು ಗುದ್ದು, ಆಮೇಲೆ ಗುಡುಗು ನೆಲದೊಳಗೆ ಉರುಳಿದ ಹಾಗೆ ಸದ್ದು. ಗೋಡೆಯ ಸುಣ್ಣ ಉದುರುತ್ತಿತ್ತು, ಪಾತ್ರೆಗಳು ನಡುಗುತ್ತಿದ್ದವು, ಎಣಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು.

ಬರ್ಸ್ಟು ಬಂದಾಗ ಓಡಬಾರದು ಎಂಬುದು ಲೈನಿನ ನಿಯಮ. ಎಲ್ಲಿದ್ದೀಯೋ ಅಲ್ಲೇ ನಿಲ್ಲಬೇಕು, ಗೋಡೆಗೆ ಕೈ ಕೊಡಬೇಕು, ಕೂಗಬಾರದು. ಇಕ್ಕಟ್ಟಿನ ಓಣಿಯಲ್ಲಿ ಎಲ್ಲರೂ ಓಡಿದರೆ ಮಕ್ಕಳು ಕಾಲಡಿಗೆ ಸಿಗುತ್ತವೆ, ಹೆಂಚು ತಲೆಯ ಮೇಲೆ ಬೀಳುತ್ತದೆ. ಪಕ್ಕದ ಮನೆಯ ತಮಿಳು ಅಜ್ಜಿ, ನಮಗೆಲ್ಲ ಪಾಟಿ, ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತ, ತಲೆ ಕೂಡ ಎತ್ತದೆ, “ಒಣ್ಣುಮಿಲ್ಲೆ, ನಿಲ್ಲು” ಅನ್ನುತ್ತಿದ್ದಳು. ಏನೂ ಇಲ್ಲ, ನಿಲ್ಲು. ಆಟ ಆಡುತ್ತಿದ್ದ ನಾವು ಒಂಟಿಗಾಲಲ್ಲಿದ್ದರೆ ಒಂಟಿಗಾಲಲ್ಲೇ ನಿಲ್ಲುತ್ತಿದ್ದೆವು. ಆಮೇಲೆ ಎಲ್ಲರ ಕಿವಿಯೂ, ಕೆಳಗೆ ಅನಾಹುತವಾದರೆ ಕೂಗುವ ಗಣಿಯ ಸೈರನ್ನಿನ ಕಡೆ. ಸೈರನ್ ಬರದಿದ್ದರೆ ಆಟ ಮುಂದುವರಿಯುತ್ತಿತ್ತು. ಬಂದರೆ, ಆ ಪಾಳಿಯಲ್ಲಿ ಗಂಡನೋ ಮಗನೋ ಕೆಳಗಿಳಿದಿದ್ದ ಹೆಂಗಸರು ಬಾಗಿಲಲ್ಲಿ ಹಾಗೇ ನಿಂತಿರುತ್ತಿದ್ದರು. ಅಮ್ಮ ಒಮ್ಮೆ ಕೈಯಲ್ಲಿ ಅರ್ಧ ಸುಲಿದ ಈರುಳ್ಳಿ ಹಿಡಿದು, ಅಪ್ಪ ಬರುವವರೆಗೆ ನಿಂತಿದ್ದಳು. ಅದನ್ನು ನಾವು ಧೈರ್ಯ ಅಂದುಕೊಂಡಿದ್ದೆವು. ಬೇರೇನು ಮಾಡಲೂ ದಾರಿಯಿಲ್ಲದವರು ನಿಲ್ಲುತ್ತಾರೆ ಎಂಬುದು ಆ ವಯಸ್ಸಿನಲ್ಲಿ ಹೊಳೆಯಲಿಲ್ಲ.

ಗಣಿ ಮುಚ್ಚುವುದಕ್ಕೆ ಕೆಲವು ವರ್ಷ ಮೊದಲು ಅಣ್ಣ ಮುನಿರಾಜುವಿಗೆ ಮದುವೆಯಾಯಿತು. ಅತ್ತಿಗೆ ಕಮಲ ಬಂಗಾರಪೇಟೆಯವರು. ತೌರುಮನೆ ರೈಲು ಹಳಿಯ ಪಕ್ಕ, ಹಾಗಾಗಿ ಮನೆ ನಡುಗುವುದು ಅವರಿಗೆ ಹೊಸದಲ್ಲ. ಆದರೆ ರೈಲು ಕೂಗಿ ಹೇಳಿ ಬರುತ್ತದೆ. ಬಂದ ಮೂರನೆಯ ದಿನ ಬರ್ಸ್ಟಾಯಿತು. ಅತ್ತಿಗೆ ಮುದ್ದೆ ತಿರುವುತ್ತಿದ್ದವರು ಹಿಟ್ಟಿನ ಕೋಲಿನ ಸಮೇತ ಬೀದಿಗೆ ಓಡಿದರು. ಓಣಿ ದಾಟಿ, ನೀರಿನ ನಲ್ಲಿ ದಾಟಿ, ಆಟದ ಬಯಲಿನ ಹತ್ತಿರ ಹೋಗಿ ಹಿಂದೆ ತಿರುಗಿ ನೋಡಿದರೆ ಒಬ್ಬರೂ ಓಡಿಬಂದಿಲ್ಲ. ಇಡೀ ಲೈನು ತನ್ನ ತನ್ನ ಬಾಗಿಲಲ್ಲಿ ನಿಂತು ಹೊಸ ಸೊಸೆಯನ್ನು ನೋಡುತ್ತಿತ್ತು. ಮೊದಲು ನಕ್ಕವಳು ನಾನು. ‘ಓಡೋ ಸೊಸೆ’ ಎಂಬ ಹೆಸರಿಟ್ಟವಳೂ ನಾನೇ. ಆಗ ಡಿಗ್ರಿ ಓದುತ್ತಿದ್ದೆ, ನನ್ನ ಬುದ್ಧಿಯ ಬಗ್ಗೆ ನನಗೆ ದೊಡ್ಡ ಅಭಿಪ್ರಾಯವಿತ್ತು. ಆಮೇಲೆ ಅತ್ತಿಗೆಗೆ ನಿಲ್ಲುವುದನ್ನು ಕಲಿಸಿದೆವು. ಬರ್ಸ್ಟು ಬಂದಾಗ ಅವರ ಕಾಲು ಎತ್ತಿದರೆ ಸಾಕು, ನಾನು ಅಂಗೈ ತೋರಿಸಿ, “ಅತ್ತಿಗೆ, ಏನಿಲ್ಲ, ನಿಂತ್ಕೊಳ್ಳಿ” ಅನ್ನುತ್ತಿದ್ದೆ. ಅವರು ನಾಚಿಕೊಂಡು ನಿಲ್ಲುತ್ತಿದ್ದರು.

ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯಿತು. ಅಪ್ಪ ಅಮ್ಮ ಇಲ್ಲ. ಅಣ್ಣ ಬಂಗಾರಪೇಟೆಯಲ್ಲಿ ಮನೆ ಮಾಡಿಕೊಂಡು ದಿನಾ ಬೆಳಗಿನ ರೈಲಿಗೆ ಫ್ಯಾಕ್ಟರಿಗೆ ಹೋಗುತ್ತಾನೆ. ನಾನು ಮದುವೆ ಮಾಡಿಕೊಳ್ಳಲಿಲ್ಲ. ಇಲ್ಲೇ ಒಂದು ಶಾಲೆಯಲ್ಲಿ ವಿಜ್ಞಾನ ಹೇಳುತ್ತೇನೆ. ಭಾನುವಾರ ಅಣ್ಣನ ಮನೆಯಲ್ಲಿ ಊಟ. ಹಬ್ಬವೂ ಅಲ್ಲೇ, ಜ್ವರ ಬಂದರೂ ಅಲ್ಲೇ.

ದೀಪಾವಳಿ ಕಳೆದ ಮೇಲಿನ ಭಾನುವಾರ ಜಲಪಾತಕ್ಕೆ ಹೋಗೋಣ ಎಂದವರು ಅತ್ತಿಗೆ. “ಟಿ.ವಿ.ಲಿ ನೋಡಿದ್ದೇ ಬಂತು. ಐವತ್ತು ವರ್ಷ ಆಯ್ತು, ನೀರು ಮೇಲಿಂದ ಬೀಳೋದನ್ನ ನಲ್ಲೀಲಿ ಬಿಟ್ರೆ ಬೇರೆಲ್ಲೂ ನೋಡಿಲ್ಲ” ಎಂದರು. ನಮ್ಮ ಚಿಕ್ಕಪ್ಪನ ಮಗ ಚೌಡಪ್ಪ ಕ್ಯಾಸಂಬಳ್ಳಿಯ ಆಚೆ ಹಳ್ಳಿಯಲ್ಲಿದ್ದಾನೆ. ನಾಲ್ಕು ಹಸು, ಒಂದಿಷ್ಟು ರಾಗಿ ಹೊಲ. ಆಂಧ್ರದ ಕಡೆಗಿನ ಗುಡ್ಡಗಳಲ್ಲಿ ಹಸು ಮೇಯಿಸಿ ಬೆಳೆದವನು. ಅವನು ತೋರಿಸುತ್ತೇನೆಂದ ಅಲ್ಲಿನ ಜಲಪಾತಕ್ಕೆ ಊರಿನವರು ಹೆಸರಿಟ್ಟಿಲ್ಲ, ‘ನೀರ್ ಬೀಳೋ ತಾವು’ ಅನ್ನುತ್ತಾರೆ. ಮಳೆಗಾಲದ ಕೊನೆಯಲ್ಲಿ ಒಂದೆರಡು ತಿಂಗಳು ಮಾತ್ರ ಅಲ್ಲಿ ನೀರು.

ದಾರಿ ಎಂದರೆ ದಾರಿಯಲ್ಲ. ಹಸುಗಳು ನಡೆದದ್ದೇ ದಾರಿ. ಎರಡೂ ಕಡೆ ಲಂಟಾನ, ಕಳ್ಳಿ, ಜಾಲಿ. ನಡುವೆ ಆನೆಗಾತ್ರದ ಬಂಡೆಗಳು ಒಂದರ ಮೇಲೊಂದು ಕೂತಿವೆ. ಒಂದು ಕಡೆ ನಿಜವಾದ ಆನೆಯ ಲದ್ದಿಯೂ ಬಿದ್ದಿತ್ತು. ಚೌಡ ಅದನ್ನು ಕೋಲಿನಿಂದ ಕೆದಕಿ, “ಒಣಗೈತೆ, ಇವತ್ತಿಂದಲ್ಲ, ಬನ್ನಿ” ಎಂದ. ನಾನು ಅದನ್ನು ಸುತ್ತುಹಾಕಿಕೊಂಡು ಹೋದೆ, ಲದ್ದಿಯೇ ಎದ್ದು ಬರುತ್ತದೆ ಎಂಬಂತೆ. ಅವನು ಮುಂದೆ ಮಚ್ಚಿನಿಂದ ಮುಳ್ಳು ಸವರುತ್ತ ಹೋಗುತ್ತಿದ್ದ. ಅತ್ತಿಗೆ ಸೀರೆ ಎತ್ತಿ ಕಟ್ಟಿ ನಮ್ಮೆಲ್ಲರಿಗಿಂತ ಚುರುಕಾಗಿ ಹತ್ತುತ್ತಿದ್ದರು. ಎಲ್ಲರಿಗಿಂತ ಹಿಂದೆ ನಾನು.

“ಅಕ್ಕಾ, ಇಸ್ಕೂಲ್ನಾಗೆ ಮಕ್ಳನ್ನ ಓಡಿಸ್ತೀಯಂತೆ, ಇಲ್ಲಿ ನಿನ್ ಕಾಲೇ ಓಡಾಕಿಲ್ವಲ್ಲ” ಎಂದ ಚೌಡ.

“ಎಷ್ಟು ದೂರ ಐತಲಾ ಇನ್ನಾ?” ಎಂದ ಅಣ್ಣ.

“ಇಲ್ಲೇ ಕಣಣ್ಣ. ಒಂದು ಬೀಡಿ ಸೇದೋ ಅಷ್ಟು.”

“ನಿನ್ ಬೀಡಿ ಒಂದು ಗಂಟೆಯಿಂದ ಉರೀತಾನೇ ಐತೆ.”

ಅತ್ತಿಗೆ ನಕ್ಕರು. ಆ ನಗು ಈಗಲೂ ನನಗೆ ಚೆನ್ನಾಗಿ ನೆನಪಿದೆ. ಬಂಡೆಗೆ ಕೈ ಊರಿ, ತಲೆ ಹಿಂದಕ್ಕೆ ಹಾಕಿ ನಕ್ಕರು.

ಜಲಪಾತ ದೊಡ್ಡದೇನಲ್ಲ. ಎರಡು ತೆಂಗಿನಮರದಷ್ಟು ಎತ್ತರದಿಂದ ಬೀಳುವ ನೀರನ್ನು ನಡುವಿನ ಬಂಡೆಯೊಂದು ಎರಡು ಸೀಳು ಮಾಡಿತ್ತು. ಕೆಳಗೆ ಸ್ವಲ್ಪ ದೂರ ಹರಿದು ಬಂದ ಮೇಲೆ ಹಳ್ಳ ಅಗಲವಾಗಿ, ಪಾದ ಮುಳುಗುವಷ್ಟು ತಿಳಿನೀರು. ಬಿಸಿಲು ಕೂಡ ಇತ್ತು. ಮಳೆ ಬಿದ್ದದ್ದು ಮೇಲೆ ಎಲ್ಲೋ, ಗುಡ್ಡದ ಆಚೆ. ಚೌಡ ಮೊದಲೇ ಹೇಳಿದ್ದ: “ನೀರ್ ಬಣ್ಣ ತಿರುಗಿದ್ರೆ, ಇಲ್ಲಾ ಸದ್ದು ಏನಾರ ಬ್ಯಾರೆ ತರ ಬಂದ್ರೆ, ಯಾಕೆ ಅಂತ ಕೇಳ್ಬ್ಯಾಡಿ. ಮ್ಯಾಕೆ ಅತ್ತಿ.” ನಾವು ಹೂಂ ಎಂದೆವು. ನಾನು ವಿಜ್ಞಾನದವಳಲ್ಲವೇ, ಅವನಿಗೆ ತಿರುಗಿ ಇದರ ಕಾರಣವನ್ನೂ ವಿವರಿಸಿದ್ದೆ.

ಅಣ್ಣ ಜಲಪಾತದ ಪಕ್ಕದ ಎತ್ತರದ ಬಂಡೆ ಹತ್ತಿ ಫೋನಿನಲ್ಲಿ ಫೋಟೊ ತೆಗೆಯುತ್ತಿದ್ದ. ಅಲ್ಲಿ ನೀರಿನ ಮೊರೆತಕ್ಕೆ ಅವನಿಗೆ ಏನೂ ಕೇಳಿಸುವಂತಿರಲಿಲ್ಲ. ಚೌಡ ನಮ್ಮ ಹಿಂದಿನ ದಿಣ್ಣೆಯ ಮೇಲೆ ಅತ್ತಿಗೆಗೆಂದು ಸೀತಾಫಲ ಕೀಳುತ್ತಿದ್ದ. ನಾನು ದಡದ ಮೇಲಿದ್ದೆ. ಅತ್ತಿಗೆ ಹಳ್ಳದ ನಡುವಿನ ಹಾಸುಗಲ್ಲಿನ ಮೇಲೆ ಕೂತು ನೀರಿನಲ್ಲಿ ಕಾಲು ಆಡಿಸುತ್ತಿದ್ದರು. ಅಲ್ಲಿಂದ ದಡಕ್ಕೆ ನಾಲ್ಕು ಹೆಜ್ಜೆ. ಅಳತೆ ತಪ್ಪಿಲ್ಲ. ಎರಡು ತಿಂಗಳಿಂದ ದಿನಾ ಅಳೆಯುತ್ತಿದ್ದೇನೆ.

ಅದು ಮೊದಲು ಕಿವಿಗೆ ಬರಲಿಲ್ಲ, ಅಂಗಾಲಿಗೆ ಬಂತು. ಆಮೇಲೆ ಗುಡುಗು ನೆಲದೊಳಗೆ ಉರುಳಿದ ಹಾಗೆ ಸದ್ದು. ಮೇಲಿನಿಂದ ನೀರು ಕಲ್ಲುಗಳನ್ನು ಉರುಳಿಸಿಕೊಂಡು ಬರುವ ಸದ್ದು ಅದು ಎಂದು ಈಗ ಹೇಳಬಲ್ಲೆ. ಶಬ್ದ ಗಾಳಿಗಿಂತ ಗಟ್ಟಿ ವಸ್ತುವಿನಲ್ಲಿ ಬೇಗ ಬರುತ್ತದೆ ಎಂದು ಹದಿನೆಂಟು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ, ಬಂಡೆಗೆ ಕಿವಿಯಿಟ್ಟರೆ ದೂರದ್ದು ಕೇಳಿಸುತ್ತದೆ ಎಂದು ಮಕ್ಕಳಿಗೆ ಮೇಜು ಕುಟ್ಟಿ ತೋರಿಸುತ್ತೇನೆ. ಅದಾವುದೂ ಆಗ ನೆನಪಾಗಲಿಲ್ಲ. ನನ್ನ ಮೈ ಚಾಂಪಿಯನ್ ರೀಫ್ಸ್‌ಗೆ ಹೋಗಿಬಿಟ್ಟಿತ್ತು. ಎಡಗೈ ಹೋಗಿ ಪಕ್ಕದ ಬಂಡೆಯನ್ನು ಮುಟ್ಟಿತು. ನಾನು ನಿಂತೆ.

ಅತ್ತಿಗೆ ಎದ್ದರು. ದಡದ ಕಡೆ ಮುಖ ಮಾಡಿ ಒಂದು ಕಾಲು ಎತ್ತಿದರು.

ನಾನು ಅಂಗೈ ತೋರಿಸಿದೆ. ಮುಖದಲ್ಲಿ ನಗುವೂ ಇತ್ತೆಂದು ತೋರುತ್ತದೆ. “ಅತ್ತಿಗೆ, ಏನಿಲ್ಲ, ನಿಂತ್ಕೊಳ್ಳಿ” ಎಂದೆ.

ಅವರು ಎತ್ತಿದ ಕಾಲನ್ನು ಕೆಳಗಿಟ್ಟು ನಿಂತರು.

ದಿಣ್ಣೆಯ ಮೇಲಿಂದ ಚೌಡ, “ಅತ್ತಿಗೇ, ಮ್ಯಾಕ್ ಬನ್ನಿ, ಮ್ಯಾಕ್ ಬನ್ನಿ” ಎಂದು ಕೂಗಿದ್ದು ಆಮೇಲೆ ಕೇಳಿಸಿತು. ಅಷ್ಟರಲ್ಲಿ ನೀರು ಕೆಂಪಾಗಿತ್ತು. ಎಲೆ, ಕೊಂಬೆ, ನೊರೆ, ಎಲ್ಲ ಒಟ್ಟಾಗಿ ಜಲಪಾತದಿಂದ ಗೋಡೆ ಬಿದ್ದಂತೆ ಬಿತ್ತು. ನನ್ನ ಮೊಣಕಾಲಿನವರೆಗೆ ನೀರು ಬಂತು. ಹಾಸುಗಲ್ಲು ಕಾಣಲಿಲ್ಲ. ಅತ್ತಿಗೆಯೂ ಕಾಣಲಿಲ್ಲ.

ಚೌಡ ನೀರಿಗೆ ಹಾರಲಿಲ್ಲ. ಹಾರಿದ್ದರೆ ಇಬ್ಬರೂ ಹೋಗುತ್ತಿದ್ದರು. ದಡದ ಮೇಲೇ, ಮುಳ್ಳು ನೋಡದೆ, ಹಳ್ಳದ ಜೊತೆ ಓಡಿದ. ಕೆಳಗೆ ಹಳ್ಳ ತಿರುಗುವ ಕಡೆ ಒಂದು ಹೊಂಗೆಮರದ ಬೇರು ನೀರಿಗೆ ಚಾಚಿದೆ. ಏನು ಬಂದರೂ ಅಲ್ಲಿ ತಡೆಯುತ್ತದೆ ಎಂದು ಅವನಿಗೆ ಗೊತ್ತಿತ್ತು. ಹಿಂದೆ ಒಂದು ಕರುವನ್ನು ಅಲ್ಲೇ ಹಿಡಿದಿದ್ದನಂತೆ. ಒಂದು ತೋಳನ್ನು ಬೇರಿಗೆ ಸುತ್ತಿ, ಇನ್ನೊಂದರಲ್ಲಿ ಅತ್ತಿಗೆಯ ಜಡೆ ಹಿಡಿದ. ನಾನು ಬೀಳುತ್ತ ಏಳುತ್ತ ಅಲ್ಲಿಗೆ ಹೋಗುವ ಹೊತ್ತಿಗೆ ಅವನ ಬೇರಿನ ಕಡೆಯ ಭುಜ ಕೀಲು ತಪ್ಪಿ ಜೋತಾಡುತ್ತಿತ್ತು. ಜಡೆ ಬಿಟ್ಟಿರಲಿಲ್ಲ. ನಾವಿಬ್ಬರೂ ಸೇರಿ ಎಳೆದೆವು. ಅತ್ತಿಗೆ ಮರಳು ಕಕ್ಕಿದರು. ಆಮೇಲೆ ಉಸಿರಾಡಿದರು. ಆ ಎರಡರ ನಡುವೆ ಎಷ್ಟು ಹೊತ್ತಾಯಿತೋ ನನಗೆ ತಿಳಿಯದು. ಅಣ್ಣ ಬಂದದ್ದು ಆಗ, ಫೋನು ಕೈಯಲ್ಲೇ ಹಿಡಿದುಕೊಂಡು.

ಆಸ್ಪತ್ರೆಯಲ್ಲಿ ಮೂರು ದಿನ. ಅತ್ತಿಗೆಯ ಬಲಗೈ ಮಣಿಕಟ್ಟು ಮುರಿದಿತ್ತು, ಎದೆಯಲ್ಲಿ ನೀರು ಸೇರಿತ್ತು. ಮೊದಲನೆಯ ಸಂಜೆ, ಡಾಕ್ಟರು ಈಗಲೇ ಏನೂ ಹೇಳಲಾಗುವುದಿಲ್ಲ ಎಂದು ಹೋದ ಮೇಲೆ, ಅಣ್ಣ ಕಾರಿಡಾರಿನಲ್ಲಿ ಚೌಡನ ಎದುರು ನಿಂತ.

“ನಿನ್ನ ನಂಬ್ಕೊಂಡು ಬಂದ್ವಲ್ಲೋ. ಸದ್ದು ಬಂದ್ರೆ ಮ್ಯಾಕತ್ತಿ ಅಂದೋನು ನೀನೇ ಹಣ್ಣು ಕೀಳಾಕೆ ಹೋಗಿದ್ದೆ. ಇವಳಿಗೇನಾದ್ರೂ ಆಗ್ಲಿ. ಆಗ್ದೇ ಇದ್ರೂ ಸರಿ, ಇನ್ಮೇಲೆ ನನ್ನ ಮನೆ ಹೊಸಿಲು ತುಳೀಬೇಡ.”

ಚೌಡನ ತೋಳು ಕುತ್ತಿಗೆಗೆ ಕಟ್ಟಿದ ಪಟ್ಟಿಯಲ್ಲಿತ್ತು. ಮುಖದ ತುಂಬ ಮುಳ್ಳಿನ ಗೀರು. “ಆಯ್ತಣ್ಣ” ಎಂದ. ನನ್ನ ಕಡೆ ನೋಡಲಿಲ್ಲ. ಕುಂಟುತ್ತ ಮೆಟ್ಟಿಲಿಳಿದು ಹೋದ.

ನಾನು ಪಕ್ಕದಲ್ಲೇ ಇದ್ದೆ. ಬಾಯಿ ತೆರೆದರೆ ಸಾಕಿತ್ತು. ನಾನು ಗೋಡೆಗೆ ಕೈಕೊಟ್ಟು ನಿಂತಿದ್ದೆ. ನಿಲ್ಲುವುದರಲ್ಲಿ ನಾವು ಪಳಗಿದವರು.

ನಿಮಗೆ ಅನ್ನಿಸಬಹುದು, ಹೇಳಿದ್ದರೆ ಏನಾಗುತ್ತಿತ್ತು, ಅತ್ತಿಗೆ ಬದುಕಿದರಲ್ಲ ಎಂದು. ನಾನೂ ಹಾಗೇ ಸಮಾಧಾನ ಮಾಡಿಕೊಂಡು ಶಾಲೆಗೆ ಹೋಗುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ: “ಇದ್ದಕ್ಕಿದ್ದಂತೆ ಬಂತು. ಒಂದು ಸದ್ದೂ ಇಲ್ಲ.” ಹತ್ತು ಜನಕ್ಕೆ ಹೇಳಿದ ಮೇಲೆ ಅದು ಎಷ್ಟು ಸಲೀಸಾಗಿ ಬರತೊಡಗಿತೆಂದರೆ, ನಡುವೆ ನಿಲ್ಲಿಸಿ ನಿಟ್ಟುಸಿರು ಬಿಡುವ ಜಾಗವೂ ಗೊತ್ತಾಗಿತ್ತು. ಆದರೆ ಮಲಗಿದಾಗ, ಬಸ್ಸಿನಲ್ಲಿ ಕೂತಾಗ, ಅಂಗಾಲಿಗೆ ಸದ್ದು ಬಂದಲ್ಲಿಂದ ನೀರು ಬಂದಲ್ಲಿಗೆ ಎಣಿಸುತ್ತಿದ್ದೆ. ಒಮ್ಮೆ ಎಂಟು ಬರುತ್ತಿತ್ತು, ಒಮ್ಮೆ ಹತ್ತು. ನಾಲ್ಕು ಹೆಜ್ಜೆಗೆ ನಾಲ್ಕು ಸಾಕು. ಎಷ್ಟು ಸಲ ಎಣಿಸಿದರೂ ಅತ್ತಿಗೆ ದಡಕ್ಕೆ ಬಂದು, ಸೀರೆ ಹಿಂಡಿಕೊಂಡು, ಹಿಂದೆ ತಿರುಗಿ ನೋಡುವಷ್ಟು ಸಮಯ ಉಳಿಯುತ್ತಿತ್ತು.

ಅತ್ತಿಗೆ ಮನೆಗೆ ಬಂದು ಒಂದು ತಿಂಗಳಾದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಅವರ ತಲೆ ಬಾಚುತ್ತಿದ್ದೆ. ಬಲಗೈಗೆ ಇನ್ನೂ ಪ್ಲಾಸ್ಟರ್ ಇತ್ತು. ಅಣ್ಣ ಮಾರ್ಕೆಟ್ಟಿಗೆ ಹೋಗಿದ್ದ. ಕೂದಲು ಮೊದಲಿನಷ್ಟಿಲ್ಲ. ಚೌಡ ಹಿಡಿದೆಳೆದ ಕಡೆ ಒಂದು ರೂಪಾಯಿಯಗಲ ಬೋಳಾಗಿ, ಅಲ್ಲಿ ಸಣ್ಣ ಕೂದಲು ಹುಟ್ಟುತ್ತಿತ್ತು.

“ಅತ್ತಿಗೆ, ಆವತ್ತು...” ಎಂದೆ.

“ಸಿಕ್ಕು ಮೆಲ್ಲಗೆ ಬಿಡಿಸು.”

ಸಿಕ್ಕು ಬಿಟ್ಟ ಮೇಲೆ ಅವರೇ ಹೇಳಿದರು, ನಿನ್ನೆಯ ಸಾರಿಗೆ ಉಪ್ಪು ಕಮ್ಮಿಯಾಗಿತ್ತು ಅನ್ನುವಷ್ಟು ಸಲೀಸಾಗಿ. “ನಾನು ಕಾಲು ಎತ್ತಿದ್ದೆ, ನಿರ್ಮಲ. ನೀನು ಕೈ ತೋರಿಸ್ದೆ. ಇಷ್ಟು ವಯಸ್ಸಾದ್ರೂ ಇನ್ನೂ ಓಡ್ತಾಳೆ ಅಂತ ನಗ್ತೀಯೇನೋ ಅನ್ನಿಸ್ತು. ನಿಂತ್ಬಿಟ್ಟೆ.”

ಬಾಚಣಿಗೆ ಎಲ್ಲಿತ್ತೋ ಅಲ್ಲೇ ಉಳಿಯಿತು.

“ನಿಮ್ಮಣ್ಣಂಗೆ ಹೇಳೋಕೆ ಹೋಗ್ಬೇಡ” ಎಂದರು. “ಅವರ ಕೋಪ ಗೊತ್ತಲ್ಲ. ಒಂದು ಸಲ ಬೇಡ ಅಂದ್ರೆ ಅಪ್ಪನ್ನೂ ಮಾತಾಡಿಸ್ತಿರ್ಲಿಲ್ಲ. ಬಾಚು, ಎಣ್ಣೆ ಒಣಗುತ್ತೆ.”

ಬಾಚಿದೆ. ಜಡೆ ಸೊಟ್ಟಗಾಯಿತು.

ಮರುವಾರ ಕ್ಯಾಸಂಬಳ್ಳಿಗೆ ಬಸ್ಸು ಹತ್ತಿ, ಅಲ್ಲಿಂದ ನಡೆದು ಚೌಡನ ಮನೆಗೆ ಹೋದೆ. ಅವನು ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು, ಹೆಂಡತಿ ಹಾಲು ಕರೆಯುವುದನ್ನು ಪರೀಕ್ಷೆಗೆ ಬಂದ ಮೇಷ್ಟರ ಹಾಗೆ ನೋಡುತ್ತಿದ್ದ.

“ಕೈ ಹೇಗಿದೆಯೋ?”

“ಐತೆ, ಜೊತೇಲೇ ಐತೆ. ಕೆಂದಿ ಮಾತ್ರ ಇವಳ ಕೈಗೆ ಆಲು ಇಳಿಸಾಕಿಲ್ಲ. ನಾನ್ ಪಕ್ಕದಾಗೆ ಕುಂತಿದ್ರೆ ಮನಸ್ಸು ಬತ್ತದೆ ಅದ್ಕೆ.”

“ಅದ್ಕೆ ಅಲ್ಲ, ಇವ್ರಿಗೆ ಮನಸ್ಸು ಬರಾಕಿಲ್ಲ ಎದ್ದೋಗಾಕೆ” ಎಂದಳು ಹೆಂಡತಿ. ತಂಬಿಗೆ ಎತ್ತಿಕೊಂಡು ನನಗೆ ಕಾಫಿ ಮಾಡಲು ಒಳಗೆ ಹೋದಳು.

ನಾನು ನಿಂತುಕೊಂಡೇ ಹೇಳಿದೆ. “ಚೌಡ, ಆವತ್ತು ಸದ್ದು ನನಗೆ ಕೇಳಿಸಿತ್ತು. ಅತ್ತಿಗೆ ಓಡಿ ಬರೋರಿದ್ರು. ನಿಂತ್ಕೊಳ್ಳಿ ಅಂದೋಳು ನಾನು.”

ಅವನು ಕೆಂದಿಯ ಬೆನ್ನಿನ ನೊಣ ಓಡಿಸಿದ. “ಗೊತ್ತು ಕಣಕ್ಕ. ದಿಣ್ಣೆ ಮ್ಯಾಗೇ ಇದ್ನಲ್ಲ. ಕೇಳಿಸ್ತು.”

“ಮತ್ತೆ ಅಣ್ಣ ಅಷ್ಟು ಬೈತಿದ್ದಾಗ ಯಾಕೋ ಸುಮ್ಮನಿದ್ದೆ?”

ಅವನು ಕೆಂದಿಯ ಮುಂದೆ ಒಂದು ಹಿಡಿ ಹುಲ್ಲು ಹಾಕಿದ.

“ಅಣ್ಣ ನನ್ನ ಬುಟ್ರೆ ನಂಗೇನಕ್ಕ, ಊರ್ ತುಂಬಾ ನೆಂಟ್ರವ್ರೆ. ಯಾರಾರ ಮನೇಲಿ ಒಂದು ಹಬ್ಬ ಉಣ್ಬೋದು. ನಿನ್ನ ಬುಟ್ರೆ? ನಿಂಗಿರಾದು ಅದೊಂದೇ ಮನೆ.”

ಕಾಫಿ ಬಂತು. ಕುಡಿದೆನೋ ಬಿಟ್ಟೆನೋ ನೆನಪಿಲ್ಲ. ಅಲ್ಲಿಂದ ನೇರವಾಗಿ ಬಂಗಾರಪೇಟೆಯ ಬಸ್ಸು ಹಿಡಿದೆ. ದಾರಿಯುದ್ದಕ್ಕೂ, ಅವನು ಭುಜ ಕಳಕೊಂಡು ನನಗೆ ಉಳಿಸಿಕೊಟ್ಟ ಮನೆಗೆ ಹೋಗುತ್ತಿದ್ದೇನೆ, ಅಲ್ಲಿಗೆ ಹೋಗಿ ಅದನ್ನೇ ಕಳೆದುಕೊಳ್ಳುತ್ತೇನೆ ಎಂದು ಅನ್ನಿಸುತ್ತಿತ್ತು. ಎರಡು ಸಲ ಇಳಿದುಬಿಡೋಣ ಎಂದು ಸೀಟಿನಿಂದ ಎದ್ದೆ. ಕಂಡಕ್ಟರ್, “ಇನ್ನೂ ಸ್ಟಾಪ್ ಬಂದಿಲ್ಲ ಕೂತ್ಕಳಮ್ಮ” ಎಂದು ಗದರಿದ.

ಅಣ್ಣ ಮುಂಬಾಗಿಲ ಮೆಟ್ಟಿಲ ಮೇಲೆ ಕೂತು ಸೋಮವಾರದ ಕೆಲಸಕ್ಕೆ ಶೂ ಪಾಲಿಶ್ ಮಾಡುತ್ತಿದ್ದ. ಸಂಜೆ ಐದು ಗಂಟೆಯ ಬಿಸಿಲು. ಅತ್ತಿಗೆ ಒಳಗಿನಿಂದ ನನ್ನ ಮುಖ ನೋಡಿದವರೇ ಬೇಡ ಎಂದು ತಲೆ ಆಡಿಸಿದರು. ನಾನು ಅವನ ಎದುರಿಗೆ ನೆಲದ ಮೇಲೆ ಕೂತೆ. ಹೇಳಿದೆ. ಸದ್ದು ಬಂದದ್ದು, ಅತ್ತಿಗೆ ಕಾಲು ಎತ್ತಿದ್ದು, ನಾನು ಅಂದದ್ದು, ಅವರು ನಿಂತದ್ದು, ಆಸ್ಪತ್ರೆಯಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದು. ಚೌಡನಿಗೆ ಎಲ್ಲ ಕೇಳಿಸಿತ್ತು ಎಂಬುದನ್ನೂ ಹೇಳಿದೆ.

ಅಣ್ಣ ಬ್ರಷ್ಷನ್ನು ಶೂವಿನ ಮೇಲೆ ಆಡಿಸುತ್ತಲೇ ಇದ್ದ. ಹೊಳಪು ಬಂದ ಮೇಲೂ ಅದೇ ಶೂವನ್ನು ಉಜ್ಜುತ್ತಿದ್ದ. ಆಮೇಲೆ ಅದನ್ನು ಕೆಳಗಿಟ್ಟು ಎದ್ದ. ಇನ್ನೊಂದು ಶೂ ಧೂಳು ಮೆತ್ತಿಕೊಂಡು ಹಾಗೇ ಇತ್ತು. ಒಳಗೆ ಹೋಗಿ ಮೊಳೆಯಿಂದ ಬೈಕಿನ ಕೀ ತೆಗೆದುಕೊಂಡ.

“ಎಲ್ಲಿಗೆ?” ಎಂದರು ಅತ್ತಿಗೆ.

“ಚೌಡನ ತಾವಿಕ್ಕೆ.”

ಬೈಕು ಹೊರಗೆ ತಳ್ಳಿ, ಸ್ಟಾರ್ಟ್ ಮಾಡಿ, ಹೊರಡಲಿಲ್ಲ. ನನ್ನ ಕಡೆ ತಿರುಗದೆ, ರಸ್ತೆಯನ್ನು ನೋಡುತ್ತ ಹೇಳಿದ: “ನಾನ್ ಬರೋಗಂಟ ಇರು. ಹೋಗಬೇಡ.”

ಬಯ್ಯುವುದಕ್ಕೋ, ಮತ್ತೇನಕ್ಕೋ ತಿಳಿಯಲಿಲ್ಲ. ನನ್ನ ಬಸ್ಸಿನ ಹೊತ್ತಾಗಿತ್ತು. ಇದ್ದೆ.